ಪಾದದ ಅಳತೆ

ಗುಲ್ಮಾರ್ಗಿಗೆ ಹೋಗಿ ಹಿಮದಲ್ಲಿ ಸ್ಕೀ ಮಾಡೋಣ ಎಂದು ನಾವು ಏಳು ಜನ ಹಳೇ ಸಹಪಾಠಿಗಳು ತೀರ್ಮಾನಿಸಿದಾಗ, ಏರ್ಪಾಡನ್ನೆಲ್ಲ ನನ್ನ ತಲೆಗೆ ಕಟ್ಟಿದರು. ಒಂಟಿ ಮನುಷ್ಯನಿಗೆ ಬೇರೆ ಕೆಲಸವೇನಿದೆ ಎಂದು ಅವರ ಎಣಿಕೆ. ಬೂಟು ಬಾಡಿಗೆಗೆ ಕೊಡುವವನು ಎಲ್ಲರ ಪಾದದ ಅಳತೆ ಕೇಳಿದ. ನಮ್ಮವರೋ ಜನ್ಮವಿಡೀ ಚಪ್ಪಲಿ ಮೆಟ್ಟಿದವರು, ಒಬ್ಬನಿಗೂ ತನ್ನ ನಂಬರು ಗೊತ್ತಿರಲಿಲ್ಲ. ಹಳೇ ಪೇಪರಿನ ಮೇಲೆ ನಿಂತು, ಪಾದದ ಸುತ್ತ ಗೆರೆ ಎಳೆಸಿ ಕಳಿಸಿ ಎಂದೆ.

ಹಾಸನದ ನನ್ನ ಮನೆಗೆ ಆರು ಜನರ ಹಾಳೆಗಳು ಬಂದವು. ಹೊಳೆನರಸೀಪುರದವನ ಪಾದಕ್ಕೆ ಮೊಮ್ಮಗಳು ಬಣ್ಣದ ಪೆನ್ಸಿಲಿನಲ್ಲಿ ಉಗುರೂ ಬರೆದಿದ್ದಳು. ಅರಕಲಗೂಡಿನವನು ಫೋನು ಮಾಡಿ, "ನಮ್ಮನೆಯವ್ಳು ಕಚಗುಳಿ ಇಟ್ಬುಟ್ಳು ಕಣ್ಲಾ, ಅದ್ಕೇ ಗೆರೆ ಸೊಟ್ಟಗೈತೆ" ಎಂದು ನಕ್ಕ.

ನನ್ನದೊಂದು ಉಳಿಯಿತು. ನಿಂತು ಬಗ್ಗಿದರೆ ಭಾರ ಮುಂದಕ್ಕೆ ಬಿದ್ದು ಪಾದ ಸರಿಯುತ್ತಿತ್ತು, ಕುಳಿತರೆ ಕುಗ್ಗುತ್ತಿತ್ತು. ಮೂರು ಹಾಳೆ ಕೆಡಿಸಿ, ಸಿಟ್ಟಿಗೆ ಪೆನ್ನು ಎಸೆದೆ. ತನ್ನ ಕಾಲಿನ ಸುತ್ತ ತಾನೇ ಒಂದು ಗೆರೆ ಎಳೆದುಕೊಳ್ಳಲಾಗದಂಥ ಬಾಳೂ ಒಂದು ಬಾಳೇ?

ಕೊನೆಗೆ ಎಸೆದ ಪೆನ್ನು ಹೆಕ್ಕಿಕೊಂಡು, ಹಳೇ ಪೇಪರು ಹಿಡಿದು ಪಕ್ಕದ ಮನೆಯ ಬಾಗಿಲು ತಟ್ಟಿದೆ. "ಏನ್ ಸಾ?" ಎನ್ನುತ್ತ ಮನೆಯಾತ ಹೊರಗೆ ಬಂದ.

"ಇವತ್ತಿನ ಪೇಪರ್ ಬಂತಾ?" ಎಂದು ಕೇಳಿ ವಾಪಸಾದೆ.