ಫ್ಯಾನಿನ ಕೆಳಗಿನ ಬೆಂಚು

ಕಂಡಕ್ಟರ್ ಮಾವ ನಿವೃತ್ತರಾದ ದಿನದಿಂದ ಅವರ ಮನೆಯಲ್ಲಿ ಯಾರಿಗೂ ನೆಮ್ಮದಿ ಉಳಿಯಲಿಲ್ಲ. ಕೆಲಸಕ್ಕೆ ಸೇರಿದ ಕಾಲದಿಂದಲೂ ಸಿಟಿ ಬಸ್ಸಿನಲ್ಲಿ ನಿಂತು ಜನರನ್ನು ಮುಂದಕ್ಕೆ ದಬ್ಬಿದ ಮನುಷ್ಯ. ಈಗ ದಬ್ಬುವುದಕ್ಕೆ ಮನೆಮಂದಿಯೇ ಸಿಕ್ಕಿದ್ದರು. ಮಗ ಬಚ್ಚಲಿಗೆ ಹೋದರೆ "ಬೇಗ ಬೇಗ, ಹಿಂದೆ ಜನ ಇದ್ದಾರೆ" ಎಂದು ಬಾಗಿಲು ಬಡಿಯುವುದು. ಸೊಸೆ ಅಡುಗೆಮನೆ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತರೆ "ಬಾಗಿಲಲ್ಲಿ ನಿಲ್ಲಬೇಡಮ್ಮ, ಒಳಗೆ ಜಾಗ ಇದೆ" ಎನ್ನುವುದು. ಹೆಂಡತಿ ಫೋನಿನಲ್ಲಿ ತನ್ನ ತಂಗಿಯ ಜೊತೆ ಮಾತಿಗೆ ಕೂತರಂತೂ ಎದುರಿಗೆ ಕುರ್ಚಿ ಎಳೆದುಕೊಂಡು, ಎರಡೂ ಕಡೆಯ ಮಾತಿಗೆ ತಾವೊಬ್ಬರೇ ಉತ್ತರ ಕೊಡುವುದು.

"ರೀ, ನಿಮ್ಗೆ ಕೈ ಮುಗೀತೀನಿ, ಎಲ್ಲಾದ್ರೂ ಹೋಗ್ಬನ್ನಿ," ಎಂದರು ಹೆಂಡತಿ ಒಂದು ದಿನ.

"ಎಲ್ಲಿಗೇ ಹೋಗ್ಲಿ?"

"ಎಲ್ಲಿಗಾದ್ರೂ. ಟಿಕೆಟ್ ನೀವೇ ಹರ್ಕೊಳ್ಳಿ."

ಪಾಪ, ಅವರ ಸಂಕಟ ಅವರಿಗೆ. ಬಸ್ಸಿನಲ್ಲಿದ್ದಾಗ ದಿನವಿಡೀ ಜನ ಅವರನ್ನೇ ಕೂಗುತ್ತಿದ್ದರು. ಆಸ್ಪತ್ರೆ ಬಂದರೆ ಹೇಳಿ, ಈ ಅಜ್ಜಿಗೊಂದು ಸೀಟು ಕೊಡಿಸಿ, ಮಗು ಇಳಿಯುತ್ತಿದೆ ಸ್ವಲ್ಪ ನಿಲ್ಲಿಸಿ. ಈಗ ಅವರನ್ನು ಕೇಳಿಕೊಂಡು ಬರುವ ಒಂದು ನರಪಿಳ್ಳೆಯೂ ಇರಲಿಲ್ಲ. ಯಾರಾದರೊಬ್ಬರಿಗೆ ತಾವು ಬೇಕಾಗಬೇಕು ಎಂಬುದೊಂದೇ ಅವರ ಆಸೆ. ಅದನ್ನು ಬಾಯಿಬಿಟ್ಟು ಹೇಳಿದರೆ ಮೀಸೆಯ ಮರ್ಯಾದೆ ಏನಾದೀತು ಎಂಬುದು ಅವರ ಚಿಂತೆ.

ಹೀಗಿರುವಾಗ ಬಸ್ ನಿಲ್ದಾಣದಲ್ಲಿ ಒಂದು ಭಿತ್ತಿಪತ್ರ ಅವರ ಕಣ್ಣಿಗೆ ಬಿತ್ತು. 'ನಿಮ್ಮ ಬಿಡುವಿನ ಸಮಯವನ್ನು ಇನ್ನೊಬ್ಬರಿಗೆ ಕೊಡಿ. ವಿಶ್ವವಿದ್ಯಾಲಯದ ಸೇವಾ ಕೊಠಡಿಗೆ ಬನ್ನಿ.' ಅದು ವಿದ್ಯಾರ್ಥಿಗಳಿಗೆಂದು ಬರೆದದ್ದು ಎಂದು ಎಂಥವರಿಗೂ ತಿಳಿಯುವಂತಿತ್ತು, ಪಕ್ಕದಲ್ಲಿ ಬ್ಯಾಗು ಹೊತ್ತ ಹುಡುಗ ಹುಡುಗಿಯರ ಚಿತ್ರವೂ ಇತ್ತು. ಬಿಡುವು ಎಂಬ ಪದ ಕಂಡದ್ದೇ ತಡ, ಕಂಡಕ್ಟರ್ ಮಾವನಿಗೆ ಚಿತ್ರ ಕಾಣಲಿಲ್ಲ. ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಮರುದಿನವೇ ಹೊರಟರು.

ಸೇವಾ ಕೊಠಡಿ ವಿಶ್ವವಿದ್ಯಾಲಯದ ಹಿಂಬದಿ ಗೇಟಿನ ಪಕ್ಕ, ಸೈಕಲ್ ಸ್ಟ್ಯಾಂಡಿಗೆ ಆತುಕೊಂಡಿತ್ತು. ಯಾವ ವಿದ್ಯಾರ್ಥಿಯನ್ನು ಎಲ್ಲಿಗೆ ಕಳಿಸಬೇಕು ಎಂದು ಗೊತ್ತುಮಾಡುವ ಮೇಡಂ ಒಬ್ಬರು ಅಲ್ಲಿ ಕೂರುತ್ತಿದ್ದರು. ಕುರುಡರಿಗೆ ಪರೀಕ್ಷೆ ಬರೆದುಕೊಡುವವರು, ಗ್ರಂಥಾಲಯದಲ್ಲಿ ಹರಿದ ಪುಸ್ತಕಕ್ಕೆ ಅಂಟು ಹಚ್ಚುವವರು, ಆಸ್ಪತ್ರೆಯಲ್ಲಿ ದಾರಿ ತೋರಿಸುವವರು, ಒಂಟಿ ಹಿರಿಯರ ಜೊತೆ ಕೂತು ಹರಟುವವರು ಎಲ್ಲರೂ ಅವರ ಕೈಕೆಳಗೆ. ಸಹಾಯ ಬೇಕು ಎಂದು ಹೇಳಿಕೊಳ್ಳುವುದು ಜನರಿಗೆ ಎಷ್ಟು ಕಷ್ಟ ಎಂಬುದು ಮೇಡಂಗೆ ಅನುಭವದಿಂದ ಗೊತ್ತಿತ್ತು. ಅದಕ್ಕೇ ಅವರು ಯಾರನ್ನೂ ಏಕೆ ಬಂದಿರಿ ಎಂದು ಕೇಳುತ್ತಿರಲಿಲ್ಲ. ಕೊಠಡಿಯಲ್ಲಿ ಎರಡು ಬೆಂಚು ಹಾಕಿಸಿದ್ದರು. ಸಹಾಯ ಮಾಡುತ್ತೇವೆ ಎನ್ನುವವರು ಎಡಗಡೆ ಕೂರಬೇಕು, ಸಹಾಯ ಬೇಕು ಎನ್ನುವವರು ಬಲಗಡೆ. ಕೂತವರನ್ನು ನೋಡಿ ಉಳಿದದ್ದನ್ನು ಅವರೇ ಅರ್ಥಮಾಡಿಕೊಳ್ಳುತ್ತಿದ್ದರು. ಈ ಏರ್ಪಾಡು ಅಲ್ಲಿಗೆ ಬರುವವರಿಗೆಲ್ಲ ಬಾಯಿಪಾಠವಾಗಿತ್ತು. ಕಂಡಕ್ಟರ್ ಮಾವನಿಗೆ ಯಾರೂ ಹೇಳಿರಲಿಲ್ಲ. ಅವರು ಒಳಗೆ ಬಂದವರೇ ಮೇಲೆ ನೋಡಿದರು. ಫ್ಯಾನು ಬಲಗಡೆಯ ಬೆಂಚಿನ ಮೇಲಿತ್ತು. ಅಲ್ಲಿ ಹೋಗಿ ಕಾಲು ಚಾಚಿ ಕೂತರು.

"ಹೇಳಿ ಸಾರ್," ಎಂದರು ಮೇಡಂ, ದನಿಯಲ್ಲಿ ಜೇನು ಬೆರೆಸಿ.

"ನಂಗೆ ಬೇಕಾದಷ್ಟು ಬಿಡುವಿದೆ ಮೇಡಂ. ಇಲ್ಲಿ ಓದೋ ಮಕ್ಕಳು ಯಾರಾದ್ರೂ ವಾರಕ್ಕೊಂದ್ಸಲ ಮನೆಗೆ ಬಂದ್ರೆ ಕೂತು ಮಾತಾಡ್ಬೋದಿತ್ತು."

"ಅಷ್ಟೇ ತಾನೆ? ಭಾನುವಾರ ಒಳ್ಳೆ ಹುಡುಗೀನ ಕಳಿಸ್ತೀನಿ. ನೀವೇನೂ ಸಂಕೋಚ ಪಟ್ಕೋಬೇಡಿ."

ಸಂಕೋಚ ಏಕೆ ಪಡಬೇಕು ಎಂದು ಕಂಡಕ್ಟರ್ ಮಾವನಿಗೆ ಹೊಳೆಯಲಿಲ್ಲ. ಎದೆಯುಬ್ಬಿಸಿಕೊಂಡು ಮನೆಗೆ ಬಂದು, ಊರುಬಿಟ್ಟು ಬಂದು ಹಾಸ್ಟೆಲಿನಲ್ಲಿ ಕೊರಗುವ ಮಗುವೊಂದನ್ನು ವಿಶ್ವವಿದ್ಯಾಲಯದವರು ತಮ್ಮ ಕೈಗೆ ಒಪ್ಪಿಸಿದ್ದಾರೆ ಎಂದು ಸಾರಿದರು.

ಭಾನುವಾರ ಹುಡುಗಿ ಬಂದಳು. ಸಂಖ್ಯಾಶಾಸ್ತ್ರ ಓದುವ ಕೊನೆಯ ವರ್ಷದ ವಿದ್ಯಾರ್ಥಿನಿ, ಸಣಕಲು ಮೈ, ಅದಕ್ಕಿಂತ ಸಣಕಲು ದನಿ. ಒಂಟಿ ಮುದುಕರೊಬ್ಬರಿಗೆ ಜೊತೆಯಾಗಬೇಕೆಂದು ಮೇಡಂ ಹೇಳಿ ಕಳಿಸಿದ್ದರು. ಮನೆ ನೋಡಿದರೆ ಮಗ, ಸೊಸೆ, ಹೆಂಡತಿ ಎಲ್ಲ ಇದ್ದು ಗಿಜಿಗಿಜಿ ಎನ್ನುತ್ತಿತ್ತು.

"ನಿಮ್ಗೆ ತುಂಬಾ ಬೇಜಾರಾಗುತ್ತಾ ತಾತ?" ಎಂದು ಕೇಳಿದಳು.

"ತಾತ ಅಲ್ಲಮ್ಮ, ಅಂಕಲ್ ಅನ್ನು. ನನ್ ವಿಷ್ಯ ಬಿಡು, ನಿನ್ ತೊಂದ್ರೆ ಏನು ಹೇಳು."

ಪಾಪ, ಹೇಳಿಕೊಳ್ಳಲು ನಾಚಿಕೆ, ಅದಕ್ಕೇ ನನ್ನ ಮೇಲೆ ಹಾಕಿ ಮಾತಾಡುತ್ತಿದ್ದಾಳೆ ಎಂದು ಅವರು ಅಂದುಕೊಂಡರು. ಪಾಪ, ವಯಸ್ಸಾಯಿತು, ಯಾರು ಯಾರನ್ನು ನೋಡಲು ಬಂದದ್ದು ಎಂಬುದೂ ಮರೆತುಹೋಗಿದೆ ಎಂದು ಅವಳು ಅಂದುಕೊಂಡಳು. ಹೀಗೆ ಇಬ್ಬರೂ ಒಬ್ಬರನ್ನೊಬ್ಬರು ಕನಿಕರಿಸಿ ಬಿಸ್ಕತ್ತು ತಿಂದರು.

ಎರಡನೆಯ ವಾರವೂ ಅದೇ ಪ್ರಶ್ನೆ, ಮೂರನೆಯ ವಾರವೂ ಅದೇ. ಹಿಡಿದ ಹಟ ಬಿಡುವ ಪೈಕಿ ಅಲ್ಲ ಕಂಡಕ್ಟರ್ ಮಾವ. ಕೊನೆಗೆ ಮುದುಕರ ಸಮಾಧಾನಕ್ಕೆ ಏನಾದರೊಂದು ಹೇಳಿದರಾಯಿತು ಎಂದು ಹುಡುಗಿ ಬಾಯಿಬಿಟ್ಟಳು. ಹಾಜರಿ ಕೂಗುವಾಗ ಅವಳು ಓಗೊಟ್ಟದ್ದು ಮೇಷ್ಟ್ರಿಗೆ ಕೇಳಿಸುವುದಿಲ್ಲ. ತರಗತಿಯಲ್ಲಿ ಮೂಗಿನ ಮುಂದೆ ಕೂತಿದ್ದರೂ ಗೈರುಹಾಜರಿ ಬೀಳುತ್ತದೆ. ಸಂಶಯ ಕೇಳಬೇಕೆಂದು ಎದ್ದು ನಿಂತರೆ ಗಂಟಲು ಕಟ್ಟುತ್ತದೆ. ಕೇಳದೇ ಕೂತುಬಿಡುತ್ತಾಳೆ.

"ಇಷ್ಟೇನಾ?" ಎಂದರು ಕಂಡಕ್ಟರ್ ಮಾವ. ಅವರ ಮುಖದಲ್ಲಿ ಅಂಥ ಕಳೆ ಬಂದದ್ದನ್ನು ಹೆಂಡತಿ ಎಷ್ಟೋ ಕಾಲದಿಂದ ನೋಡಿರಲಿಲ್ಲ. "ಹೋಗು, ಗೇಟ್ ಹತ್ರ ನಿಂತ್ಕೋ. ಅಲ್ಲಿಂದ ಸ್ಟಾಪ್ ಹೆಸ್ರು ಕೂಗ್ಬೇಕು. ಅಡುಗೆಮನೇಲಿರೋ ನಿಮ್ಮ ಆಂಟೀಗೆ ಕೇಳಿಸ್ಬೇಕು. ಗಂಟ್ಲಿಂದ ಅಲ್ಲ, ಹೊಟ್ಟೆಯಿಂದ ಕೂಗು. ಬಾಗ್ಲಲ್ಲಿ ನೇತಾಡ್ತಿರೋನ ಪ್ರಾಣ ನಿನ್ ಕೈಲಿದೆ ಅಂತ ತಿಳ್ಕೊಂಡು ಕೂಗು."

ಹುಡುಗಿ ಕೂಗಿದಳು. "ಕೇಳಿಸ್ಲಿಲ್ಲ" ಎಂದಿತು ಅಡುಗೆಮನೆ. ಮತ್ತೆ ಕೂಗಿದಳು. ಮತ್ತೆ ಕೇಳಿಸಲಿಲ್ಲ. ಹೀಗೆ ಭಾನುವಾರಗಳು ಉರುಳಿದವು. ಮುದುಕರು ಖುಷಿಯಾಗಿರಲಿ ಎಂದು ಅವಳು ಕೂಗುತ್ತಿದ್ದಳು. ಹುಡುಗಿ ಗೆಲುವಾಗಲಿ ಎಂದು ಅವರು ಕೂಗಿಸುತ್ತಿದ್ದರು. ರಸ್ತೆಯಲ್ಲಿ ಹೋಗುವವರು ಇಲ್ಲಿಗೂ ಬಸ್ಸು ಬಂತೇನೋ ಎಂದು ತಿರುಗಿ ನೋಡುತ್ತಿದ್ದರು. ಒಂದು ಭಾನುವಾರ ಅಡುಗೆಮನೆಯಿಂದ "ಕೇಳಿಸ್ತು ಮಾರಾಯ್ತಿ, ಬೆಚ್ಚಿಬಿದ್ದು ಹಾಲು ಚೆಲ್ದೆ" ಎಂಬ ಉತ್ತರ ಬಂದಾಗ ಕಂಡಕ್ಟರ್ ಮಾವ ಸ್ವತಃ ಬಟ್ಟೆ ಹಿಡಿದು ಹಾಲು ಒರೆಸಿದರು. ಮದುವೆಯಾದಂದಿನಿಂದ ಅದೇ ಮೊದಲು.

ವರ್ಷದ ಕೊನೆಗೆ ಸೇವೆ ಮಾಡಿದವರನ್ನೆಲ್ಲ ವೇದಿಕೆಗೆ ಕರೆದು ಒಂದೊಂದು ಕುಂಡದ ಗಿಡ ಕೊಡುವ ರೂಢಿ ವಿಶ್ವವಿದ್ಯಾಲಯದಲ್ಲಿತ್ತು. ಹುಡುಗಿಯ ಬಾಯಲ್ಲಿ ಅದನ್ನು ಕೇಳಿದ್ದೇ ಕಂಡಕ್ಟರ್ ಮಾವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಾಂಪೌಂಡು ಗೋಡೆಯ ಮೇಲೆ ಗಿಡಕ್ಕೆ ಜಾಗ ಮಾಡಿದರು. ಅಷ್ಟಕ್ಕೇ ಸುಮ್ಮನಿರಬಾರದೆ, ವಿಚಾರಿಸಲು ಸೇವಾ ಕೊಠಡಿಗೆ ಹೋದರು.

"ಯಾವ ಗಿಡ ಕೊಡ್ತೀರಿ ಮೇಡಂ? ನಮ್ಮನೇಲಿ ಬಿಸಿಲು ಜಾಸ್ತಿ, ನೋಡ್ಕೊಂಡು ಕೊಡಿ."

ಮೇಡಂ ನಕ್ಕರು. "ಗಿಡ ಹುಡುಗೀಗಲ್ವಾ ಸಾರ್. ವರ್ಷವೆಲ್ಲ ನಿಮಗೆ ಜೊತೆಯಾಗಿದ್ದದ್ದು ಅವಳು ತಾನೆ?"

"ಅವಳು ನನಗಾ? ನಾನಲ್ವಾ ಅವಳಿಗೆ?"

ಮೇಡಂ ಮುಖದ ನಗು ಮಾಯವಾಯಿತು. ಎಡಬಲದ ಬೆಂಚುಗಳ ವಿಷಯವನ್ನು ಆದಷ್ಟು ನಯವಾಗಿ ಬಿಡಿಸಿ ಹೇಳಿದರು. ಕಂಡಕ್ಟರ್ ಮಾವ ತಾವು ಕೂತ ಬೆಂಚನ್ನು ನೋಡಿಕೊಂಡರು. ಆವತ್ತೂ ಅವರು ಫ್ಯಾನಿನ ಕೆಳಗೇ ಕೂತಿದ್ದರು.

"ಗಾಳಿ ಬರ್ತಿತ್ತಮ್ಮ, ಅದಕ್ಕೇ ಕೂತೆ," ಎಂದರು. ಅವರ ಮಾತು ಎದುರಿಗಿದ್ದವರಿಗೆ ಕೇಳಿಸದೇ ಹೋದದ್ದು ಬಹುಶಃ ಅದೇ ಮೊದಲ ಸಲ. ಮೇಡಂ "ಏನಂದ್ರಿ ಸಾರ್?" ಎಂದು ಕಿವಿ ಮುಂದೆ ತಂದರು.

ಮನೆಗೆ ಬಂದು ಚಪ್ಪಲಿ ಬಿಟ್ಟವರು ಅಲ್ಲೇ ನಿಂತು ಹೆಂಡತಿಯನ್ನು ಕೇಳಿದರು. "ನಿಂಗೆ ಗೊತ್ತಿತ್ತಾ?"

"ಮೊದಲನೇ ವಾರಾನೇ ಗೊತ್ತಾಯ್ತು. ಕೈ ತೊಳೆಯೋಕೆ ಒಳಗೆ ಬಂದಾಗ ಹುಡುಗಿ ಹೇಳಿದ್ಲು."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅವಳನ್ನ ವಾಪಸ್ ಕಳಿಸ್ತಿದ್ರಿ. ಆಮೇಲೆ ಭಾನುವಾರಾನೂ ನಾನೇ ನಿಮ್ಮನ್ನ ತಡ್ಕೋಬೇಕಿತ್ತು."

ಹೆಂಡತಿ ನಗಿಸಲೆಂದೇ ಆಡಿದ ಮಾತು. ಅವರು ನಗಲಿಲ್ಲ. ಯಾರಿಗೋ ಬೇಕಾಗಿದ್ದೇನೆ ಎಂದು ವರ್ಷವಿಡೀ ಮೀಸೆ ತಿರುವಿದ್ದಾಯಿತು. ಆ ಮಗು ತನ್ನ ಓದು ಬಿಟ್ಟು, ಒಬ್ಬ ಮುದುಕನ ಮನಸ್ಸಿಗೆ ನೋವಾಗಬಾರದೆಂದು ಗೇಟಿನಲ್ಲಿ ನಿಂತು ಕೂಗಿತಲ್ಲ. ಅವರಿಗೆ ಅವಮಾನವಾಗಿತ್ತು. ಅವಮಾನಕ್ಕಿಂತ ಹೆಚ್ಚಾಗಿ ದುಃಖವಾಗಿತ್ತು. ಆ ಭಾನುವಾರ ತಲೆನೋವು ಎಂದು ಕೋಣೆ ಬಾಗಿಲು ಹಾಕಿಕೊಂಡರು. ಹುಡುಗಿ ಬಂದು ಹೊರಗೆ ಕಾದು ಕಾದು, ಅವರ ಹೆಂಡತಿಯ ಹತ್ತಿರ ಗುಸುಗುಸು ಮಾತಾಡಿ ಹೊರಟುಹೋದಳು.

ಗಿಡ ಕೊಡುವ ದಿನ ಬಂತು. ಹೋಗುವುದಿಲ್ಲ ಎಂದು ಹಟ ಹಿಡಿದ ಕಂಡಕ್ಟರ್ ಮಾವನನ್ನು ಹೆಂಡತಿ ಎಳೆದುಕೊಂಡೇ ಹೋದರು. ಸಭಾಂಗಣದಲ್ಲಿ ಕಟ್ಟಕಡೆಯ ಸಾಲು, ಬಾಗಿಲ ಪಕ್ಕದ ಕುರ್ಚಿ ಆರಿಸಿ ಕೂತರು. ಹುಡುಗರು ಒಬ್ಬೊಬ್ಬರಾಗಿ ವೇದಿಕೆ ಹತ್ತಿ, ಗಿಡ ಇಸಿದುಕೊಂಡು, ಎರಡು ಮಾತಾಡಿ ಇಳಿಯುತ್ತಿದ್ದರು. ಆ ಎರಡು ಮಾತು ಯಾರಿಗೂ ಬೇಕಿರಲಿಲ್ಲ. ಸಭೆ ಸಂತೆಯಾಗಿತ್ತು, ಬಾಗಿಲಲ್ಲಿ ಜನ ಜಮಾಯಿಸಿದ್ದರು.

ಹುಡುಗಿಯ ಸರದಿ ಬಂತು. ಕುಂಡ ಅವಚಿಕೊಂಡು ನಿಂತಳು. ಮೈಕು ಅವಳ ಹಣೆಯ ಎತ್ತರಕ್ಕಿತ್ತು. ಏನೋ ಹೇಳಿದಳು. ತುಟಿ ಅಲುಗಾಡಿದ್ದು ಕಂಡಿತು, ಮಾತು ಮೊದಲ ಸಾಲಿಗೂ ತಲುಪಲಿಲ್ಲ. ಇನ್ನೊಮ್ಮೆ ಹೇಳಿದಳು. ಯಾರೋ ಕಿಸಕ್ಕೆಂದರು. ಇಳಿದುಬಿಡಲು ಅವಳು ಒಂದು ಹೆಜ್ಜೆ ಹಿಂದಿಟ್ಟದ್ದನ್ನು ಕಂಡಕ್ಟರ್ ಮಾವ ನೋಡಿದರು. ಅವರಿಗೆ ಅವಮಾನ, ಬೆಂಚು, ಮೀಸೆ ಯಾವುದೂ ನೆನಪಾಗಲಿಲ್ಲ. ಎದ್ದು ನಿಂತರು.

"ಹಿಂದೆ ಕೇಳಿಸ್ತಿಲ್ಲಮ್ಮ," ಎಂದರು. ಕಿಟಕಿಯ ಗಾಜು ಅದುರಿತು. "ಹೊಟ್ಟೆಯಿಂದ."

ಸಭೆಯೆಲ್ಲ ಹಿಂದಕ್ಕೆ ತಿರುಗಿತು. ಹುಡುಗಿ ಕುಂಡವನ್ನು ಕೆಳಗಿಟ್ಟಳು. ಮೈಕನ್ನು ಪಕ್ಕಕ್ಕೆ ಸರಿಸಿದಳು.

"ಬಾಗ್ಲಲ್ಲಿ ನಿಂತೋರೆಲ್ಲ ಒಳಗೆ ಬನ್ನಿ. ಮುಂದೆ ಜಾಗ ಇದೆ."

ಬಾಗಿಲಲ್ಲಿ ನಿಂತವರು ತಾವು ಏಕೆ ನಡೆಯುತ್ತಿದ್ದೇವೆಂದು ತಿಳಿಯದೆಯೇ ಒಳಗೆ ನಡೆದರು. ನಗು ಎದ್ದಿತು, ಆಮೇಲೆ ಸದ್ದಡಗಿತು.

"ಮೇಡಂ ನನ್ನನ್ನ ಒಬ್ರಿಗೆ ಜೊತೆಯಾಗಿರು ಅಂತ ಕಳ್ಸಿದ್ರು," ಎಂದಳು ಹುಡುಗಿ. ಪ್ರತಿ ಅಕ್ಷರವೂ ಹಿಂದಿನ ಗೋಡೆಗೆ ಬಡಿಯಿತು. "ಅವ್ರು ಪ್ರತಿವಾರ ನನ್ನನ್ನೇ, ನಿನ್ ತೊಂದ್ರೆ ಏನು ಅಂತ ಕೇಳ್ತಿದ್ರು. ವಯಸ್ಸಾಯ್ತು, ಮರೆವು ಅಂದ್ಕೊಂಡೆ. ನಾನಿಲ್ಲಿಗೆ ಸೇರಿದಾಗಿಂದ ಆ ಮಾತನ್ನ ಇನ್ಯಾರೂ ನನ್ನ ಕೇಳಿರ್ಲಿಲ್ಲ. ಈಗ ನಾನು ಹಾಜರಿಗೆ ಓಗೊಟ್ರೆ ನಮ್ ಮೇಷ್ಟ್ರು ಕಿವಿ ಮುಚ್ಕೋತಾರೆ." ಅವಳು ಉಸಿರು ತೆಗೆದುಕೊಂಡಳು. "ಸೇವಾ ಕೊಠಡೀಲಿ ಎರಡು ಬೆಂಚಿದೆ, ನಿಮಗೆಲ್ಲ ಗೊತ್ತು. ನಾನು ಎಡಗಡೆ ಕೂತಿದ್ದೆ. ನಾನು ಕೂರ್ಬೇಕಾಗಿದ್ದದ್ದು ಬಲಗಡೆ. ಈ ಗಿಡ ನಂದಲ್ಲ. ಅಂಕಲ್, ಬಂದು ತಗೊಳ್ಳಿ."

ವರ್ಷವಿಡೀ ತಿದ್ದಿದರೂ ಅವಳ ಬಾಯಲ್ಲಿ ಅಂಕಲ್ ಬಂದಿರಲಿಲ್ಲ. ಕಂಡಕ್ಟರ್ ಮಾವನಿಗೆ ಕಣ್ಣು ಮಂಜಾಗಿ ದಾರಿ ಕಾಣಲಿಲ್ಲ. ನಿಂತಲ್ಲೇ ನಿಂತಿದ್ದರು.

ಹೆಂಡತಿ ಬೆನ್ನಿಗೆ ಕೈ ಕೊಟ್ಟು ದಬ್ಬಿದರು. "ನಡೀರಿ ಮುಂದೆ. ಹಿಂದೆ ಜನ ಇದ್ದಾರೆ."

ಗಿಡ ಕಾಂಪೌಂಡಿನ ಮೇಲೆ ಕೂತಿತು. ಹುಡುಗಿ ಓದು ಮುಗಿಸಿ, ಬೇರೆ ಊರಿನ ಶಾಲೆಯಲ್ಲಿ ಪಾಠ ಹೇಳಲು ಹೋದಳು. ಅವಳ ಫೋನು ಬಂದರೆ ಕಂಡಕ್ಟರ್ ಮಾವ ಅದನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದು ಕೇಳುತ್ತಾರೆ. ಭಾನುವಾರಗಳು ಮಾತ್ರ ಬಿಕೋ ಎನ್ನತೊಡಗಿದವು. ಕೆಲವು ವಾರ ಅವರು ಸುಮ್ಮನೆ ಗೇಟಿನ ಹತ್ತಿರ ಹೋಗಿ ನಿಂತು ವಾಪಸು ಬಂದರು. ಆಮೇಲೆ ಷರ್ಟಿಗೆ ಇಸ್ತ್ರಿ ಹಾಕಿಸಿದರು.

ಸೇವಾ ಕೊಠಡಿಯ ಎಡಗಡೆ ಬೆಂಚು ಹೊಸ ಹುಡುಗರಿಂದ ತುಂಬಿತ್ತು. ಅವರ ಕಥೆ ಕೇಳಿದ್ದ ಒಬ್ಬ ಎದ್ದು "ಇಲ್ಲಿ ಬನ್ನಿ ಅಂಕಲ್" ಎಂದು ಜಾಗ ಬಿಟ್ಟ. ಕಂಡಕ್ಟರ್ ಮಾವ ಅವನ ಭುಜ ತಟ್ಟಿ, ಮುಂದೆ ಹೋಗಿ ಬಲಗಡೆಯ ಬೆಂಚಿನಲ್ಲಿ ಕೂತರು.

ಮೇಡಂ ಈ ಸಲ ಎಡವಲು ತಯಾರಿರಲಿಲ್ಲ. "ಸಾರ್, ಫ್ಯಾನಿಗೋಸ್ಕರ ಅಲ್ಲಿ ಕೂತಿದ್ದೀರಾ?"

ಅವರು ತಲೆ ಎತ್ತಿ ನೋಡಿದರು. ಕರೆಂಟು ಹೋಗಿತ್ತು, ಫ್ಯಾನು ನಿಂತಿತ್ತು.

"ಇಲ್ಲಮ್ಮ. ಭಾನುವಾರ ಬಂದ್ರೆ ಬೇಜಾರಾಗುತ್ತೆ," ಎಂದರು, ಆದಷ್ಟು ಮೆಲ್ಲಗೆ. "ಯಾರನ್ನಾದ್ರೂ ಕಳ್ಸಿ."

ಕಂಡಕ್ಟರ್ ಮಾವನ ಪಿಸುಮಾತು ಸೈಕಲ್ ಸ್ಟ್ಯಾಂಡಿನವರೆಗೂ ಕೇಳಿಸಿತು. ಎಡಗಡೆಯ ಬೆಂಚಿನಲ್ಲಿದ್ದವರೆಲ್ಲ ಕೈ ಎತ್ತಿದರು.