ಪೆಟ್ಟಿಗೆಯ ಮೇಲೆ ಕವುಚಿದ ಪಾತ್ರೆ

ಕಡಲ ದಡದ ಕೋಡಿ ಊರಿನಲ್ಲಿ ನನ್ನ ಸೋದರಮಾವ ಬೋಟಿನ ತಾಂಡೇಲ, ಎಂದರೆ ಬೋಟು ನಡೆಸುವವರು. ಒಂದು ವರ್ಷ ಎಲ್ಲ ಬೋಟುಗಳ ಮಾಡಿಗೂ, ಎಂದರೆ ಕ್ಯಾಬಿನ್ನಿನ ಛಾವಣಿಗೂ, ಬಿಳಿ ಪೆಟ್ಟಿಗೆ ಬಂತು. ಬೋಟು ಎಲ್ಲಿದೆಯೆಂದು ಅದು ಉಪಗ್ರಹದ ಮೂಲಕ ದಡಕ್ಕೆ ತಿಳಿಸುತ್ತದೆ. ಅಪಾಯವಾದರೆ ಕ್ಯಾಬಿನ್ನಿನೊಳಗಿನ ಕೆಂಪು ಗುಂಡಿ ಒತ್ತಬೇಕು, ಹತ್ತಿರದ ಬೋಟುಗಳಿಗೂ ಸಂದೇಶ ಹೋಗುತ್ತದೆ.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾನು ಸುಮ್ಮನಿರಲಿಲ್ಲ.

"ನೀವ್ ಎಲ್ಲಿದ್ರಿ ಅಂದೇಳಿ ಯಾರಿಗೆಲ್ಲ ಕಾಂತ್, ಮಾವ?"

"ಮನಿಯವ್ರ್ ಮೊಬೈಲಿಗೆ, ಮತ್ತೆ ಮೀನುಗಾರಿಕೆ ಆಫೀಸಿನವ್ರಿಗೆ."

"ಅವ್ರ್ ಬೇರೆ ಬೋಟಿನವ್ರಿಗೆ ಹೇಳುದಿಲ್ಲ ಅಂಬುಕೆ ಎಂತ ಗ್ಯಾರಂಟಿ?"

ಬಲೆ ತುಂಬ ಬೊಂಡಾಸ್ ಮೀನು ಬಿದ್ದರೂ ವೈರ್‌ಲೆಸ್ಸಿನಲ್ಲಿ "ಎಂತದೂ ಇಲ್ಲ ಮಾರಾಯ, ಬರೀ ಕಸ" ಎನ್ನುವ ಜನ ಮಾವ. ಮೀನು ಸಿಕ್ಕ ಜಾಗವನ್ನು ಸ್ವಂತ ಅಣ್ಣನಿಗೂ ಹೇಳುವುದಿಲ್ಲ. ಆಫೀಸಿನಿಂದ ಜಾಗದ ಗುಟ್ಟು ಸೋರುತ್ತದೆ ಎನ್ನಲು ನನ್ನ ಬಳಿಯೂ ಆಧಾರವಿರಲಿಲ್ಲ. ಅದನ್ನು ಹೇಳುವ ಅಗತ್ಯ ನನಗೆ ಕಾಣಲಿಲ್ಲ. ಮುಂದಿನ ಸಲ ಮೀನು ಸಿಕ್ಕಲ್ಲಿ ಮಾವ ಪೆಟ್ಟಿಗೆಯ ಮೇಲೆ ಹಳೆಯ ಅಲ್ಯೂಮಿನಿಯಂ ಅನ್ನದ ಪಾತ್ರೆ ಕವುಚಿ ಹಗ್ಗ ಬಿಗಿದರು. ಲೋಹ ಅಡ್ಡವಾಗಿ ಪೆಟ್ಟಿಗೆ ಮಾತು ನಿಲ್ಲಿಸಿತು. ಅಲ್ಲಿಂದ ಅದೇ ರೂಢಿಯಾಯಿತು.

ಮಳೆಗಾಲ ಕಳೆದು ಬೋಟುಗಳು ಮತ್ತೆ ಕಡಲಿಗಿಳಿದ ಮೇಲೆ ಒಂದು ಮಧ್ಯಾಹ್ನ ಅತ್ತೆ ಮೊಬೈಲು ಹಿಡಿದು ಬಂದರು. ಅದರ ನಕ್ಷೆಯಲ್ಲಿ ಬೈಂದೂರಿನಾಚೆಯ ಕಡಲಲ್ಲಿ ಮಾವನ ಬೋಟಿನ ಚುಕ್ಕೆ ನಿನ್ನೆ ಬೆಳಗ್ಗಿನಿಂದ ಅಲ್ಲಾಡಿಲ್ಲ. ವೈರ್‌ಲೆಸ್ಸಿಗೂ ಉತ್ತರವಿಲ್ಲ.

"ನಿಂತಿತ್ತಾ, ಮುಳ್ಗಿತ್ತಾ? ನೀ ಓದಿದವ ಅಲ್ದಾ, ಹೇಳ್."

ಆ ಚುಕ್ಕೆ ಬೋಟಲ್ಲ, ಪಾತ್ರೆ ಕವುಚಿದ ಜಾಗ. ಭರ್ತಿ ಮೀನು ಸಿಕ್ಕಿರಬಹುದು, ಬೋಟೇ ಇಲ್ಲದಿರಬಹುದು. ಎರಡಕ್ಕೂ ಸಾಕ್ಷ್ಯ ಒಂದೇ. ನಿಜ ಹೇಳಿದೆ: "ಪೆಟ್ಟಿಗೆಗೆ ಪಾತ್ರೆ ಮುಚ್ಚುಕೆ ಕಾರಣ ನಾನೇ, ಅತ್ತೆ."

"ಆ ಪಾತ್ರೆ ನಿನ್ ಬಾಯಿಗ್ ಮುಚ್ಚುಕಿತ್ತ್!"

ನಾಲ್ಕು ಗಂಟೆಯ ಹೊತ್ತಿಗೆ ಚುಕ್ಕೆ ಒಮ್ಮೆಲೇ ಪಡುವಣಕ್ಕೆ ಹಾರಿ ಕೆಂಪಾಯಿತು: ಗುಂಡಿ ಒತ್ತಿದ ಗುರುತು.

ಮರುದಿನ ಇನ್ನೊಂದು ಬೋಟು ಮಾವನ ಬೋಟನ್ನು ಎಳೆದು ತಂದಿತು. ತಳದ ಹಲಗೆಯ ಸಂದು ಬಿಟ್ಟುಕೊಂಡು ಎಂಜಿನ್, ಬ್ಯಾಟರಿ ಎರಡೂ ನೀರಲ್ಲಿ ಮುಳುಗಿದ್ದವು; ವೈರ್‌ಲೆಸ್ ಸತ್ತಿತ್ತು. ಪೆಟ್ಟಿಗೆಗೆ ತನ್ನದೇ ಬ್ಯಾಟರಿ ಇತ್ತು. ಗುಂಡಿಯನ್ನು ಎಷ್ಟೋ ಸಲ ಒತ್ತಿದರಂತೆ. ಮಾಡಿನ ಮೇಲಿನ ಪಾತ್ರೆ ಯಾರಿಗೂ ನೆನಪಾಗಲಿಲ್ಲ. ಕೊನೆಗೆ ನೀರು ಮೊಗೆಯಲು ಬಕೆಟ್ಟು ಸಾಲದೆ ಒಬ್ಬ ಮೇಲೆ ಹತ್ತಿ ಅದನ್ನು ಬಿಚ್ಚಿ ತಂದ. ಸಂದೇಶ ಹೊರಟಿದ್ದು ಆಗ.

ಬೋಟು ಕಟ್ಟುವ ಧಕ್ಕೆಯಲ್ಲಿ ಮಾವ ತಮ್ಮನ್ನು ಎಳೆದು ತಂದ ಬೋಟಿನವರತ್ತ ಕಣ್ಣು ಹಾಯಿಸಿ, "ನಮ್ ಜಾಗ ಅವ್ರಿಗ್ ಗೊತ್ತಾಯ್ತ್ ಕಾಣ್" ಎಂದರು. ಆಫೀಸಿನವರ ಗ್ಯಾರಂಟಿಯ ಬಗೆಗಿನ ನನ್ನ ಪ್ರಶ್ನೆಗೆ ಇವತ್ತಿಗೂ ಉತ್ತರ ಸಿಕ್ಕಿಲ್ಲ. ಆ ದಿನ ಮಾತ್ರ ಅದನ್ನು ಮತ್ತೆ ಕೇಳಲಿಲ್ಲ. ಅತ್ತೆ ಪಾತ್ರೆಯನ್ನು ಕಂಕುಳಲ್ಲಿಟ್ಟುಕೊಂಡು ಆಗಲೇ ಮನೆಯತ್ತ ಹೊರಟಿದ್ದರು.