ಹುಚ್ಚೀರಪ್ಪ ಕಾಕಾನ ಕೆಂಪು

ಗಂಗಾವತಿಯಲ್ಲಿ ನನ್ನ ಪಂಕ್ಚರ್ ಅಂಗಡಿಯ ಎದುರಿಗೇ ಹುಚ್ಚೀರಪ್ಪ ಕಾಕಾನ ಕುಲುಮೆ. ನಲವತ್ತು ವರ್ಷ ಕುಡಗೋಲು ಬಡಿದ ಮನುಷ್ಯ. ಕಾದ ಕಬ್ಬಿಣದ ಕೆಂಪು ನೋಡಿಯೇ ನೀರಿಗೆ ಅದ್ದುವ ಹೊತ್ತು ಹೇಳುತ್ತಿದ್ದ. ಹದ ಬರುವ ಮುಂಚೆ ಅದ್ದಿದರೆ ಕುಡಗೋಲು ಮೆತ್ತಗೆ. ಹೋದ ವರ್ಷ ಕಣ್ಣು ಮಂಜಾಯಿತು, ಡಾಕ್ಟರೂ ಕೈಚೆಲ್ಲಿದರು.

"ಕೆಂಪ ಕಾಣಂಗಿಲ್ಲ ಅಂದ್ರ ನಾ ಎದಕ್ಕ ಬೇಕು? ಕುಲುಮಿ ಮುಚ್ಚಿಬಿಡ್ರಿ" ಎಂದು ಕೂತುಬಿಟ್ಟ, ಮೊಂಡ! ನನಗೆ ಸಿಟ್ಟು ನೆತ್ತಿಗೇರಿತು. ಆ ಸುತ್ತಿಗೆಯ ಸದ್ದಿಲ್ಲದೆ ನನಗೆ ಚಹಾ ಸಹ ರುಚಿಸದು.

ಕಾಕಾನ ಸೊಸೆ ಫಕೀರಮ್ಮ ಐಟಿಐ ಓದಿದವಳು. ಒಡೆದ ಸ್ಪೀಕರಿನ ಅಯಸ್ಕಾಂತಕ್ಕೆ ತಂತಿ ಕಟ್ಟಿದಳು. "ಕಬ್ಬಣ ಹದಕ್ಕ ಕಾದ್ರ ಮ್ಯಾಗ್ನೆಟ್ ಹಿಡಿಯಂಗಿಲ್ರಿ ಮಾವಾರ. ಅದು ಬಿಟ್ಟ ಮ್ಯಾಲ ಒಂದೀಟು ಕಾಸಿ ಅದ್ದೂದು."

"ಕಬ್ಬಣಾನ ಮ್ಯಾಗ್ನೆಟ್ ಹಿಡಿಯಂಗಿಲ್ಲಂತ! ಮಂದಿ ನಕ್ಕಾರು ಬೇ" ಎಂದ ಕಾಕಾ.

ಆನೆಗೊಂದಿಯ ಬಸವಣ್ಣೆಮ್ಮನ ಬಾಳೆತೋಟಕ್ಕೆ ಆರು ಕುಡಗೋಲು ಬೇಕಿದ್ದವು. ಎರಡು ಮಾಡಿ, ಚಹಾ ಕುಡಿದು ಬಂದು, ಫಕೀರಮ್ಮ ಉಳಿದ ನಾಲ್ಕನ್ನೂ ಮುಗಿಸಿದಳು. ಮೂರೇ ದಿನಕ್ಕೆ ಬಸವಣ್ಣೆಮ್ಮ ಹಾಜರ್. ಆ ನಾಲ್ಕೂ ಬಗ್ಗಿದ್ದವು.

"ಗೊನಿ ಕೊಯ್ಯಾಕ ಬರಂಗಿಲ್ಲ, ಬೆನ್ನ ತುರಿಸ್ಕೊಳ್ಳಾಕ ಭಾಳ ಛಲೋ ಅದಾವ ನೋಡ್ರಿ!"

"ನಾಳಿಂದ ಬೀಗ" ಎಂದ ಕಾಕಾ. ಫಕೀರಮ್ಮನ ಮುಖ ಬಾಡಿತು. ನಾನು ಸುಮ್ಮನೆ ಆ ಅಯಸ್ಕಾಂತವನ್ನು ಮೊಳೆಗಳ ಡಬ್ಬಿಗೆ ಅದ್ದಿದೆ. ಒಂದು ಮೊಳೆಯೂ ಏಳಲಿಲ್ಲ!

"ತಂಗೀ, ಇದನ್ನೂ ಕಾಸೀಯೇನ?"

"ಅಯ್ಯ ಶಿವನ! ಚಹಾಕ್ಕ ಹೋಗಾಗ ಕೆಂಡದ ಮ್ಯಾಲ ಬಿಟ್ಟು ಹೋಗಿದ್ದೆ ವಾಹೀದಣ್ಣಾ! ಮ್ಯಾಗ್ನೆಟ್ಟ ಸತ್ತೈತಿ. ಅದು ಏನೂ ಹಿಡೀವಲ್ದು, ನಾ ಹದಾ ಬಂತು ಅಂತ ಅದ್ದಕೋತ ಹೋಗೇನಿ!"

ಬಸವಣ್ಣೆಮ್ಮ ನಗು ತಡೆಯಲಾರದೆ ಕಟ್ಟೆ ಹಿಡಿದು ಕೂತಳು. ನಾನು ನಗುತ್ತಲೇ ಓಡಿಹೋಗಿ ನನ್ನ ಹಾಡುವ ರೇಡಿಯೋದ ಹೊಟ್ಟೆ ಬಗೆದು ಸ್ಪೀಕರಿನ ಅಯಸ್ಕಾಂತ ತಂದೆ.

"ಈ ಸಲ ನೀವ ಹಿಡೀರಿ ಮಾವಾರ" ಎಂದು ಫಕೀರಮ್ಮ ಅದಕ್ಕೆ ಕಟ್ಟಿದ ತಂತಿಯನ್ನು ಕಾಕಾನ ಕೈಗಿತ್ತಳು. ಬಗ್ಗಿದ ಒಂದು ಕುಡಗೋಲನ್ನೇ ಬಡಿದು ತಿದ್ದಿ ಕಾಸಿದಳು. ಕಾಕಾ ಮುಟ್ಟಿಸಿದಾಗ ಅಯಸ್ಕಾಂತ ಗಪ್ಪನೆ ಎಳೆಯಿತು. ಮತ್ತೆ ಕಾಸಿದಾಗಲೂ ಎಳೆಯಿತು. ಮೂರನೆಯ ಸಲ ಎಳೆತವೇ ಇಲ್ಲ.

"ಬಿಟ್ತು! ವಾಹೀದಾ, ಬಿಟ್ತಲೋ! ಕೆಂಪಾಗೈತಿ!" ಕಾಕಾ ಕುಣಿದೇಬಿಟ್ಟ, ಧೋತರದ ಖಬರಿಲ್ಲದೆ.

"ಅದ್ದಲೇನ್ರಿ?"

"ತಡಿಯಬೇ! ಇನ್ನೊಂದೀಟು... ಹ್ಞಾಂ, ಈಗ ಹಾಕು!"

ಅದು ಅವನ ಹಳೆಯ ದನಿ. ನನ್ನ ಕಣ್ಣೂ ಮಂಜಾಯಿತು. ರೇಡಿಯೋ ಹೋಯಿತು, ಹೋಗಲಿ ಬಿಡಿ. ಮರುದಿನ ಬೆಳಿಗ್ಗೆ ಸುತ್ತಿಗೆಯ ಸದ್ದು ಕೇಳುತ್ತ ಎರಡು ಕಪ್ ಚಹಾ ಕುಡಿದೆ.